ಮೂರು ಕೊಟೇಶನ್

ನಿಯಮದ ಪ್ರಕಾರ ಮೂರು ಕೊಟೇಶನ್ ಬೇಕು.
ಕುಶಾಲನಗರದ ಪಾಲಿಟೆಕ್ನಿಕ್, ಎರಡನೇ ಮಹಡಿ,
ಲ್ಯಾಬಿಗೆ ಬೇಕಾದದ್ದು ಒಂದು ಕಂಪೈಲರ್.
ಮೊದಲನೆಯದು ಮೈಸೂರಿನಿಂದ ಬಂತು, ಮಿರುಗುವ ಕಾಗದ,
ಮೂವತ್ತೆರಡು ಸಾವಿರ, ತೆರಿಗೆ ಬೇರೆ,
ಜೊತೆಗೊಂದು ಕ್ಯಾಲೆಂಡರ್.
ಎರಡನೆಯದು ಮಡಿಕೇರಿಯ ಅಂಗಡಿಯದು, ಕೈಬರಹ,
ಹನ್ನೊಂದು ಸಾವಿರದ ಇನ್ನೂರು,
ಕಂಪೈಲರ್ ಎಂಬುದನ್ನೇ ಎರಡು ಥರ ಬರೆದಿದ್ದರು.
ಮೂರನೆಯದು ಬಿಟ್ಟಿ.
ಬಿಟ್ಟಿಗೆ ಲೆಟರ್‌ಹೆಡ್ ಎಲ್ಲಿಂದ ತರಲಿ?
ಬಿಳಿ ಹಾಳೆಯಲ್ಲಿ ನಾನೇ ಬರೆದೆ: ದರ, ಸೊನ್ನೆ.
ರುಜು ಹಾಕುವ ಜಾಗ ಹಾಗೇ ಬಿಟ್ಟೆ.

ಒಂದೇ ಪ್ರೋಗ್ರಾಮನ್ನು ಮೂರಕ್ಕೂ ಉಣಿಸಿ ನೋಡಿದೆವು.
ದೇಚಮ್ಮ ಬರೆದದ್ದು. ಹದಿನೇಳನೇ ಸಾಲಿನ ಕೊನೆಗೆ
ಬೇಕೆಂದೇ ಒಂದು ಅರ್ಧವಿರಾಮ ನುಂಗಿದ್ದಳು.
ದುಬಾರಿಯದು ನಲವತ್ತೊಂದು ತಪ್ಪು ಎಣಿಸಿತು,
ಒಂದು ಅಕ್ಕಿಕಾಳು ಚೆಲ್ಲಿದ್ದಕ್ಕೆ ಇಡೀ ಮನೆಯನ್ನು ಬೈಯುವ ಹಾಗೆ.
ಅಗ್ಗದ್ದು ‘ತಪ್ಪಿದೆ’ ಅಂದಿತು. ಎಲ್ಲಿ ಅನ್ನಲಿಲ್ಲ.
ಬಿಟ್ಟಿಯದು ಹದಿನೇಳನೇ ಸಾಲನ್ನು ಬರೆದು ತೋರಿಸಿ
ಅದರ ಕೆಳಗೆ ಒಂದು ಪುಟ್ಟ ಮೊನೆ ಇಟ್ಟಿತು: ಇಲ್ಲಿ.

ಆದರೂ ಇದ್ದದ್ದನ್ನು ಇದ್ದಂತೆ ಹೇಳಬೇಕು.
ತಪ್ಪು ತಿದ್ದಿದ ಮೇಲೆ ದುಬಾರಿಯದು ಕಟ್ಟಿಕೊಟ್ಟ ಪ್ರೋಗ್ರಾಮು
ಹನ್ನೊಂದು ಸೆಕೆಂಡಿಗೆ ಓಡಿತು, ಬಿಟ್ಟಿಯದು ಹದಿನಾಲ್ಕಕ್ಕೆ.
ಬಿಟ್ಟಿಯದನ್ನು ಕೂರಿಸಲು ನಾನು ಮೂರು ರಾತ್ರಿ ಕೂತಿದ್ದೆ,
ಕರೆಂಟು ಹೋಗಿ, ಬಂದು, ಮತ್ತೆ ಹೋಗಿ,
ವಾಚ್‌ಮನ್ ಪೊನ್ನಪ್ಪ ತಂದುಕೊಟ್ಟ ಕರಿಕಾಫಿ ಆರಿ.
ತುಲನಾ ಪಟ್ಟಿಯಲ್ಲಿ ಆ ರಾತ್ರಿಗಳಿಗೆ ಕಾಲಂ ಇರಲಿಲ್ಲ.

ಆಡಿಟರ್ ವೀರಭದ್ರಸ್ವಾಮಿ ಕನ್ನಡಕ ಒರೆಸಿದರು.
‘ಏನಿದು ವಸ್ತು?’
ದುಭಾಷಿ ಸಾರ್, ನಾವು ಬರೆದದ್ದನ್ನು ಯಂತ್ರಕ್ಕೆ ತಿಳಿಸುವುದು.
‘ದುಭಾಷಿಗೆ ಪುಟಕ್ಕಿಷ್ಟು ಅಂತ ದರ ಇರುತ್ತಲ್ಲ,
ಸೊನ್ನೆಗೆ ಯಾರು ದುಡೀತಾರೆ?
ಕೆಟ್ಟರೆ ಯಾರನ್ನು ಕೇಳ್ತೀರಿ?’
ನನಗೆ ಉತ್ತರ ತೋಚಲಿಲ್ಲ.
ಕಂಡಿಲ್ಲದ ಸಾವಿರ ಜನ, ಅಂದರೆ
ಸಾವಿರ ಕೊಟೇಶನ್ ಕೇಳಿಯಾರು ಅಂತ ಸುಮ್ಮನಿದ್ದೆ.

ದೇಚಮ್ಮ ಬಾಗಿಲಲ್ಲಿದ್ದಳು. ಅವಳ ಅಪ್ಪ ಕುಟ್ಟಯ್ಯ
ಕಾಫಿ ಕ್ಯೂರಿಂಗ್‌ನಲ್ಲಿ ಸ್ಯಾಂಪಲ್ ನೋಡುವವರು.
ಲಾರಿಯ ಚೀಲಕ್ಕೆ ಕೊಳವೆ ಚುಚ್ಚಿ ಒಂದು ಹಿಡಿ ಚೆರಿ ತೆಗೆದು,
ಸಿಪ್ಪೆ ಸುಲಿಸಿ, ಬೇಳೆ ತೂಗಿ, ಕೂಗುತ್ತಾರೆ:
‘ಔಟ್‌ಟರ್ನ್ ಇಪ್ಪತ್ತಾರು!’
ಐವತ್ತು ಕಿಲೋದಲ್ಲಿ ನಿಜವಾದದ್ದು ಅಷ್ಟು.
ಟವೆಲಿನಲ್ಲಿ ಎರಡು ಸೇರು ಕಟ್ಟಿಕೊಂಡು ಬಂದವರಿಗೂ
ನೋಡಿಕೊಡುತ್ತಾರೆ, ದುಡ್ಡು ಮುಟ್ಟುವುದಿಲ್ಲ.
‘ಅದಕ್ಕೆ ಅಪ್ಪನ ತಕ್ಕಡಿ ಸುಳ್ಳು ಹೇಳ್ತದಾ ಸಾರ್?’
ಹುಡುಗಿ ಕೇಳಿದ್ದು ಅಷ್ಟೇ. ಕೇಳಿ ಹೊರಟಳು,
ನಾಲ್ಕೂಕಾಲಿನ ಸುಂಟಿಕೊಪ್ಪದ ಬಸ್ಸಿತ್ತು.

ಸ್ವಾಮಿಗಳು ಬಹಳ ಹೊತ್ತು ಫ್ಯಾನು ನೋಡಿದರು.
ಆಮೇಲೆ ಸ್ಟಾಕ್ ರಿಜಿಸ್ಟರ್ ತಿರುಗಿಸಿ, ಪುಟ ಅರವತ್ತೊಂದು,
ತಮ್ಮ ಹಸಿರು ಶಾಯಿಯಲ್ಲಿ:
ಕಂಪೈಲರ್, ನಗ ಒಂದು, ಬೆಲೆ ರೂಪಾಯಿ ಒಂದು ಮಾತ್ರ.
‘ಸೊನ್ನೆ ಅಂತ ಬರೆದರೆ ವಸ್ತುವೇ ಇಲ್ಲ ಅಂತ ಅರ್ಥ’ ಅಂದರು,
‘ವರ್ಷಕ್ಕೆ ಹತ್ತು ಪರ್ಸೆಂಟ್ ಸವಕಳಿ ಹಾಕಿ.’

ಹಾಕುತ್ತಿದ್ದೇನೆ. ತೊಂಬತ್ತು ಪೈಸೆ. ಎಂಬತ್ತೊಂದು.
ಮಿರುಗುವ ಕಾಗದದ ಕಂಪನಿ ಮೂರನೇ ವರ್ಷ ಮುಚ್ಚಿತು,
ಕ್ಯಾಲೆಂಡರ್ ಇನ್ನೂ ಮೊಳೆಯಲ್ಲಿದೆ, ಹಳೆಯ ಜೂನ್.
ಕ್ಯೂರಿಂಗ್‌ನ ತೂಕದ ಕೋಣೆಯಲ್ಲಿ ದೇಚಮ್ಮನ ಪ್ರೋಗ್ರಾಮು
ಔಟ್‌ಟರ್ನ್ ಚೀಟಿ ಹೊಡೆಯುತ್ತದೆ, ಹೊಟ್ಟಿನ ಧೂಳು ಮೆತ್ತಿದ ಕೀಲಿಗಳು.
ಕುಟ್ಟಯ್ಯ ಒಮ್ಮೊಮ್ಮೆ ಅದನ್ನು ನಂಬದೆ ಮತ್ತೆ ತೂಗುತ್ತಾರೆ.
ಈ ಮಾರ್ಚಿಗೆ ಏಳನೇ ಸವಕಳಿ:
ನಲವತ್ತೆಂಟು ಪೈಸೆ, ಚೂರು ಕಡಿಮೆ.
ಹೀಗೆ ಎಷ್ಟು ಇಳಿಸಿದರೂ ಸೊನ್ನೆ ಮುಟ್ಟುವುದಿಲ್ಲ,
ಲೆಕ್ಕ ಹಾಕಿ ನೋಡಿದ್ದೇನೆ,
ಅದರಲ್ಲೇ.